ಲಡ್ಡು ಹಳದಿ, ಗಿಳಿ ಹಸಿರು

ಪೀತಮ್‌ಪುರದ ನಮ್ಮ ಮನೆಯ ಬಾಲ್ಕನಿಗೆ ಬಂದರೆ ಟಿ.ವಿ. ಟವರ್ ಕಾಣುತ್ತದೆ. 1988ರಲ್ಲಿ ಎದ್ದ, 235 ಮೀಟರ್ ಎತ್ತರದ ಗೋಪುರ. ಊರಿಂದ ಬಂದವರಿಗೆಲ್ಲ ನಾನು ಮೊದಲು ತೋರಿಸುವುದು ಅದನ್ನೇ. 2023ರ ಅಕ್ಟೋಬರಿನ ಒಂದು ಸಂಜೆ ಅದೇ ಬಾಲ್ಕನಿಯಲ್ಲಿ ನಿಂತು, ಆಫೀಸಿನ ಗೆಳೆಯನೊಬ್ಬ ಕಳಿಸಿದ ವಿಡಿಯೊ ನೋಡಿ ಜೋರಾಗಿ ನಕ್ಕೆ. ದೆಹಲಿಯ ಹೆಂಗಸೊಬ್ಬರು ಸಲ್ವಾರ್ ಸೂಟ್ ಹಿಡಿದು ಕ್ಯಾಮೆರಾಕ್ಕೆ ತೋರಿಸುತ್ತ ಹೇಳುತ್ತಿದ್ದರು: 'ಸೋ ಬ್ಯೂಟಿಫುಲ್, ಸೋ ಎಲಿಗೆಂಟ್, ಜಸ್ಟ್ ಲುಕಿಂಗ್ ಲೈಕ್ ಎ ವಾವ್!'

ಆ ನಗುವಿನ ಬಗ್ಗೆ ಆಮೇಲೆ ಬಹಳ ಯೋಚಿಸಿದ್ದೇನೆ. ಈ ಬರಹ ಅದರ ಲೆಕ್ಕ.

ಮೊದಲು ಗೋಪುರದ ಕಾಲದಿಂದ ಶುರುಮಾಡೋಣ. ದೇಶದ ಟಿ.ವಿ.ಗೆ ಬಣ್ಣ ಬಂದದ್ದು 1982ರಲ್ಲಿ, ದೆಹಲಿಯ ಏಷ್ಯನ್ ಗೇಮ್ಸ್ ವರ್ಷ. ಬಟ್ಟೆ ಮಾರುವವರಿಗೆ ಅದು ದೊಡ್ಡ ತಿರುವು. ಸೀರೆಯ ಬಣ್ಣವನ್ನು ಮನೆಮನೆಯ ನಡುಮನೆಗೆ ಕಳಿಸುವ ದಾರಿ ಸಿಕ್ಕಿತು. ಆದರೆ ಆ ದಾರಿಯಲ್ಲಿ ನಡೆದದ್ದು ವಿಮಲ್, ಗಾರ್ಡನ್ ವರೇಲಿಯಂಥ ದೊಡ್ಡ ಹೆಸರುಗಳು. ಗಲ್ಲಿಯ ಅಂಗಡಿಯವರಿಗೆ ಗೋಪುರ ದೂರವೇ ಉಳಿಯಿತು. ಅವರ ಬಳಿ ಇದ್ದದ್ದು ತಮ್ಮ ದನಿ ಮಾತ್ರ.

ದೆಹಲಿಯಲ್ಲಿ ಆ ದನಿಗೆ ಒಂದು ಇತಿಹಾಸವಿದೆ. 1941ರಲ್ಲಿ 9 ಲಕ್ಷದಷ್ಟಿದ್ದ ಇಲ್ಲಿಯ ಜನಸಂಖ್ಯೆ 1951ರ ಜನಗಣತಿಯ ಹೊತ್ತಿಗೆ 17 ಲಕ್ಷ ದಾಟಿತ್ತು. ದೇಶ ವಿಭಜನೆಯಾದಾಗ ಪಶ್ಚಿಮ ಪಂಜಾಬಿನಿಂದ ಎಲ್ಲ ಬಿಟ್ಟು ಬಂದವರು ಶಿಬಿರಗಳಲ್ಲಿ ತಂಗಿ, ಫುಟ್‌ಪಾತಿನಲ್ಲಿ ಮಾರಿ, ಆಮೇಲೆ ಅಂಗಡಿ ಹಿಡಿದರು. ಲಾಜಪತ್ ನಗರ, ತಿಲಕ್ ನಗರ, ರಾಜೌರಿ ಗಾರ್ಡನ್‌ಗಳ ಪೇಟೆಗಳು ಬೆಳೆದದ್ದು ಹೀಗೆ. ಅವರ ಜೊತೆಗೆ ಪಂಜಾಬಿನ ಸಲ್ವಾರ್ ಕಮೀಜ್ ಕೂಡ ರಾಜಧಾನಿಯಲ್ಲಿ ನೆಲೆಯೂರಿತು, ಮುಂದೆ ದೇಶವೆಲ್ಲ ಹಬ್ಬಿತು. ಇಲ್ಲಿ ಅದು 'ಸೂಟ್'. ನಮ್ಮ ಕಡೆ ಬರುವಷ್ಟರಲ್ಲಿ 'ಚೂಡಿದಾರ್' ಆಯಿತು. ಆ ಹೆಸರು ನಿಜವಾಗಿ ಕಾಲಿಗೆ ಬಿಗಿಯಾದ ಪೈಜಾಮಕ್ಕೆ ಸಲ್ಲಬೇಕಾದ್ದು. ನಾವು ಇಡೀ ಉಡುಪಿಗೇ ಅದನ್ನು ತೊಡಿಸಿದೆವು.

ವಿಡಿಯೊದಲ್ಲಿದ್ದ ಜಸ್ಮೀನ್ ಕೌರ್ ಅವರ ಅಂಗಡಿ ಇರುವುದು ಇದೇ ಪಶ್ಚಿಮ ದೆಹಲಿಯ ಫತೇಹ್ ನಗರದಲ್ಲಿ. ನಮ್ಮ ಗೋಪುರದಿಂದ ಹತ್ತು ಕಿಲೋಮೀಟರ್ ಆಚೀಚೆ. ಅವರ ಕೈಗೆ ಗೋಪುರದ ಶಕ್ತಿ ಬಂದದ್ದು ಮೂರು ಹೆಜ್ಜೆಗಳಲ್ಲಿ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಅಂಗಡಿಗಳ ಬಾಗಿಲು ಬಿತ್ತು, ಗಿರಾಕಿಗಳನ್ನು ಫೋನಿನಲ್ಲೇ ಹುಡುಕುವುದು ಎಷ್ಟೋ ಅಂಗಡಿಯವರಿಗೆ ಅನಿವಾರ್ಯವಾಯಿತು. ಅದೇ ಜೂನ್ 29ರಂದು ಸರಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು, ಮರುತಿಂಗಳೇ ಇನ್‌ಸ್ಟಾಗ್ರಾಮ್ ಇಲ್ಲಿ ರೀಲ್ಸ್ ತಂದಿತು. ಸೂಟ್‌ಗಳನ್ನು ಲೈವ್‌ನಲ್ಲಿ ಒಂದೊಂದಾಗಿ ಬಿಡಿಸಿ ತೋರಿಸುವ ವ್ಯಾಪಾರಕ್ಕೆ ನೆಲ ಹದವಾಗಿತ್ತು.

ಆ ಲೈವ್‌ನ ಒಂದು ತುಣುಕನ್ನು ಜನ ಕತ್ತರಿಸಿ ಹಂಚಿದರು. ಯಶರಾಜ್ ಮುಖಾಟೆ ಅದಕ್ಕೆ ರಾಗ ಕಟ್ಟಿದರು. ಬೆಂಗಳೂರಿನಲ್ಲಿ ಬೆಳೆದ ನಮ್ಮ ದೀಪಿಕಾ ಪಡುಕೋಣೆ ಅದಕ್ಕೆ ತುಟಿಯಾಡಿಸಿ ರೀಲ್ ಹಾಕಿದರು. ಕೆಲವೇ ದಿನಗಳಲ್ಲಿ ಆ ಮಾತು ಮದುವೆ ಮನೆಗೂ ಬಂತು, ನಮ್ಮ ಪ್ರಾಜೆಕ್ಟ್ ಮೀಟಿಂಗಿಗೂ ಬಂತು.

ನಾವು ನಕ್ಕದ್ದು ಯಾಕೆ? ಅವರ ಇಂಗ್ಲಿಷಿಗೆ, ಸುಳ್ಳೇಕೆ ಹೇಳಲಿ? 'ಎ ವಾವ್' ಎಂಬುದು ತಪ್ಪೆಂದು ನಮಗೆ ಖಾತ್ರಿ ಇತ್ತು. ಆದರೆ ನಿಘಂಟು ತೆಗೆದರೆ ವಾವ್ ಉದ್ಗಾರವಷ್ಟೇ ಅಲ್ಲ, ನಾಮಪದವೂ ಹೌದು. ಭರ್ಜರಿಯಾಗಿ ಗೆದ್ದದ್ದಕ್ಕೆ ಇಂಗ್ಲಿಷಿನವರೇ 'ಎ ವಾವ್' ಎನ್ನುತ್ತಾರೆ. ಎಂ.ಟೆಕ್. ಮಾಡಿದ ನನಗೆ ಇದು ಗೊತ್ತಿರಲಿಲ್ಲ.

ನನ್ನ ನಗು ಇನ್ನೊಂದು ಕಾರಣಕ್ಕೂ ಚುಚ್ಚುತ್ತದೆ. ಈ ಊರಿಗೆ ಬಂದ ಹೊಸದರಲ್ಲಿ ನಾನು 'ಮೀಟಿಂಗ್ ಹೋ ಗಯಾ' ಅಂದರೆ ಮೇಜಿನ ಸುತ್ತ ಕೂತವರು ಮುಖ ಮುಖ ನೋಡಿ ನಗುತ್ತಿದ್ದರು. ಹಿಂದಿಯಲ್ಲಿ ಮೀಟಿಂಗ್ ಹೆಣ್ಣು, ಪ್ರಾಜೆಕ್ಟ್ ಗಂಡು ಎಂದು ನಮಗೆ ಯಾವ ಶಾಲೆಯಲ್ಲಿ ಹೇಳಿಕೊಟ್ಟಿದ್ದರು? ಅಂದಿನಿಂದ ಮಾತಿಗೆ ಮೊದಲು ಲಿಂಗ ಎಣಿಸುವ ಅಭ್ಯಾಸ ಅಂಟಿತು. ಅಂಥ ನಾನು ಇನ್ನೊಬ್ಬರ ಮಾತಿಗೆ ನಗಲು ಒಂದು ಕ್ಷಣವೂ ಬೇಕಾಗಲಿಲ್ಲ.

ಕಣ್ಣು ತೆರೆಸಿದವಳು ಅವ್ವ. ಆ ಚಳಿಗಾಲದಲ್ಲಿ ಅವಳಿಗೊಂದು ಶಾಲು ತರಲು ಇಲ್ಲೇ ಪಕ್ಕದ ರಾಣಿ ಬಾಗ್ ಪೇಟೆಗೆ ಹೋಗಿ ವಿಡಿಯೊ ಕಾಲ್ ಮಾಡಿದೆ.

"ಹಸರಂತೀ, ಫೋನಿನ್ಯಾಗ ನೀಲಿ ಕಾಣತೈತೆಲ್ಲೋ ತಮ್ಮಾ. ಯಾವ ಹಸರದು? ಗಿಳಿ ಹಸರೋ, ಎಲಿ ಹಸರೋ?"

"ಮೈಲುತುತ್ತ ಇರತೈತಲ್ಲವ್ವಾ, ಹಂಗೈತಿ."

"ಹಂಗಂದ್ರ ತಿಳೀತು. ಬ್ಯಾಡ, ಬ್ಯಾರೆ ತೋರ್ಸು."

ಫೋನಿನ ಕ್ಯಾಮೆರಾ ಅಂಗಡಿಯ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನೇ ತಿದ್ದುತ್ತದೆ. ನೋಡುವವರ ಪರದೆ ಮತ್ತೊಮ್ಮೆ ಬದಲಿಸುತ್ತದೆ. ನಡುವೆ ದಾರಿಯುಳಿಸಲು ಚಿತ್ರವನ್ನು ಹಿಂಡಿ ಕಳಿಸುವುದು ಬೇರೆ. ಸಾವಿರಾರು ರೂಪಾಯಿಯ ಯಂತ್ರಕ್ಕೆ ಆಗದ್ದನ್ನು ಮೈಲುತುತ್ತ ಎಂಬ ಒಂದು ಮಾತು ಮಾಡಿತು. ಆಗ ಜಸ್ಮೀನ್ ಕೌರ್ ನೆನಪಾದರು. ಅದೇ ವಿಡಿಯೊಗಳಲ್ಲಿ ಅವರು 'ಲಡ್ಡು ಪೀಲಾ', 'ಮೌಸ್ ಕಲರ್' ಎನ್ನುತ್ತಿದ್ದರು. ಅದಕ್ಕೂ ನಾವು ನಕ್ಕಿದ್ದೆವು. ಮುಟ್ಟಿ ನೋಡಲಾಗದ, ಬಣ್ಣ ನೆಚ್ಚಲಾಗದ ದೂರದ ಗಿರಾಕಿಗೆ, ಅವಳ ಅಡುಗೆಮನೆಯಲ್ಲೇ ಇರುವ ವಸ್ತುವನ್ನು ತೋರಿಸಿ ಇಂಥ ಹಳದಿ ಎಂದು ಹೇಳುವುದು ಕಸುಬಿನ ಜಾಣತನ.

ಇದು ನಮಗೇನು ಹೊಸದೇ? ಇಳಕಲ್ ಸೀರೆಯ ಗಿರಿ ಕುಂಕುಮ, ಕಪ್ಪು ಸೀರೆಗೆ ಚಂದ್ರಕಾಳಿ, ಗಿಳಿ ಹಸಿರು, ಈರುಳ್ಳಿ ಬಣ್ಣ, ಬದನೆ ಬಣ್ಣ. ಕಾಂಚೀಪುರದ ಮುತ್ತು ಚೆಟ್ಟಿಯಾರ್ ಎಂ.ಎಸ್. ಸುಬ್ಬುಲಕ್ಷ್ಮಿಯವರಿಗೆ ನೇಯಿಸಿಕೊಟ್ಟ ನೀಲಿಗೆ 'ಎಂ.ಎಸ್. ಬ್ಲೂ' ಎಂದೇ ಹೆಸರು ನಿಂತಿತು. ನೇಕಾರರು, ವ್ಯಾಪಾರಿಗಳು, ಕೊಳ್ಳುವ ಹೆಂಗಸರು ಸೇರಿ ಕಟ್ಟಿದ ನಿಘಂಟು ಇದು. ಇದನ್ನು ನಾವು ಸಂಸ್ಕೃತಿ ಎಂದು ಕರೆದು ಲೇಖನ ಬರೆಯುತ್ತೇವೆ. 'ಲಡ್ಡು ಹಳದಿ' ಅದೇ ನಿಘಂಟಿನ ಹೊಸ ಪುಟ.

'ಮೀಮ್' ಎಂಬ ಪದವನ್ನು 1976ರಲ್ಲಿ ಟಂಕಿಸಿದವರು ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್. ಒಬ್ಬರಿಂದ ಒಬ್ಬರಿಗೆ ನಕಲಾಗುತ್ತ ಹರಡುವ ಮಾತು, ರಾಗ, ರೂಢಿಗಳನ್ನು ಅವರು ಹಾಗೆ ಕರೆದರು. ಸುಲಭವಾಗಿ ನಕಲಾಗುವುದು ಉಳಿಯುತ್ತದೆ, ಉಳಿದದ್ದು ಉದುರುತ್ತದೆ. ಬಂಗಾಳದ ಬೀರಭೂಮಿಯ ಭುವನ್ ಬಾದ್ಯಾಕರ್ ಹಳೆಯ ಸಾಮಾನಿಗೆ ಕಡಲೆಕಾಯಿ ಕೊಡುತ್ತ ಊರೂರು ತಿರುಗಿ ಕೂಗುತ್ತಿದ್ದ 'ಕಚ್ಚಾ ಬಾದಾಮ್' 2022ರಲ್ಲಿ ದೇಶವನ್ನೇ ಕುಣಿಸಿತು. ಮರುವರ್ಷ, ಆ ಹಾಡಿನ ಹಕ್ಕೇ ತಮ್ಮ ಕೈತಪ್ಪಿದೆಯೆಂದು ಅವರು ದೂರಿಕೊಂಡದ್ದು ಸುದ್ದಿಯಾಯಿತು. ಕೂಗು ಹೋಯಿತು, ಕೂಗಿದವರು ಹಿಂದೆ ಉಳಿದರು. ಜಸ್ಮೀನ್ ಅವರಿಗೆ ಕೂಗಿನ ಹಿಂದೆ ಅಂಗಡಿಯೊಂದಿತ್ತು. ಜಗತ್ತು ಅಣಕಿಸುತ್ತಿದ್ದಾಗಲೂ ಅವರು ಅದೇ ಮಾತು ಆಡುತ್ತ ಅದೇ ಸೂಟ್ ಮಾರಿದರು. ನಕ್ಕವರಲ್ಲೂ ಕೆಲವರು ಗಿರಾಕಿಗಳಾಗಿರಬೇಕು.

ಈಗಲೂ ನಮ್ಮ ತಂಡದಲ್ಲಿ ರಿಲೀಸ್ ಸುಸೂತ್ರವಾಗಿ ಮುಗಿದರೆ ಯಾರೋ ಒಬ್ಬರು ಚಾಟ್‌ನಲ್ಲಿ ಆ ಮಾತು ಹಾಕುತ್ತಾರೆ. ಹೋದ ಸಲ ನಾನೊಂದು ಪ್ರಶ್ನೆ ಕೇಳಿದೆ: ಆ ವಿಡಿಯೊದಲ್ಲಿ ಅವರ ಕೈಯಲ್ಲಿದ್ದ ಸೂಟ್ ಯಾವ ಬಣ್ಣದ್ದು?

ಹದಿನಾಲ್ಕು ಜನರಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ನನಗೂ.