ಬೆಂಗಳೂರು–ಮಂಗಳೂರು ವಿಮಾನಯಾನ: ದೂರವೆಷ್ಟು, ಸಮಯವೆಷ್ಟು?

ದೇವನಹಳ್ಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ನೇರ ವಾಯುಮಾರ್ಗದಲ್ಲಿ ಸುಮಾರು 306 ಕಿ.ಮೀ. ದೂರವಿದೆ. ಹಾಸನ, ಸಕಲೇಶಪುರಗಳ ಮೂಲಕ ಶಿರಾಡಿ ಘಾಟಿ ಇಳಿದು ಸಾಗುವ ರಸ್ತೆ ಸುಮಾರು 350 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದ ಜೆಟ್ ವಿಮಾನಕ್ಕೆ 306 ಕಿ.ಮೀ. ಎಂದರೆ 23 ನಿಮಿಷದ ಹಾದಿ. ಆದರೆ ವೇಳಾಪಟ್ಟಿಯಲ್ಲಿ ಒಂದು ಗಂಟೆಯಿಂದ ಒಂದೂಕಾಲು ಗಂಟೆ ಎಂದಿರುತ್ತದೆ.

ಈ ಅಂತರಕ್ಕೆ ಕಾರಣಗಳುಂಟು. ಹತ್ತು ಸಾವಿರ ಅಡಿಗಿಂತ ಕೆಳಗೆ ವಿಮಾನಗಳ ವೇಗ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಮೀರುವಂತಿಲ್ಲ. ಇಷ್ಟು ಕಿರಿದಾದ ಮಾರ್ಗದಲ್ಲಿ ಏರುವುದು ಮುಗಿಯುತ್ತಿದ್ದಂತೆಯೇ ಇಳಿಯುವ ಸಿದ್ಧತೆ ಆರಂಭವಾಗುತ್ತದೆ. ಪೂರ್ಣ ವೇಗದ ಹಾರಾಟ ಕೆಲವೇ ನಿಮಿಷಗಳದು. ಗಾಳಿಯಲ್ಲಿರುವ ಸಮಯ ಸಾಮಾನ್ಯವಾಗಿ 40 ನಿಮಿಷದ ಆಸುಪಾಸು. ರನ್‌ವೇವರೆಗಿನ ಸಾಗಾಟ, ಸರದಿಗಾಗಿ ಕಾಯುವಿಕೆಗಳನ್ನು ವಿಮಾನಯಾನ ಸಂಸ್ಥೆಗಳು ಪ್ರಯಾಣದ ಅವಧಿಗೇ ಸೇರಿಸುತ್ತವೆ.

ಪ್ರಯಾಣಿಕನ ಲೆಕ್ಕವೇ ಬೇರೆ. 2008ರ ಮೇ 24ರಂದು ದೇವನಹಳ್ಳಿ ನಿಲ್ದಾಣ ಆರಂಭವಾಗುವವರೆಗೂ ವಿಮಾನಗಳು ನಗರದೊಳಗಿನ ಎಚ್‌ಎಎಲ್ ನಿಲ್ದಾಣದಿಂದ ಹಾರುತ್ತಿದ್ದವು. ಸ್ಥಳಾಂತರದಿಂದ ಮಂಗಳೂರಿನ ವಾಯುಮಾರ್ಗ ಹೆಚ್ಚಿದ್ದು ಐದಾರು ಕಿ.ಮೀ. ಮಾತ್ರ. ಆದರೆ ಮೆಜೆಸ್ಟಿಕ್‌ನಿಂದ ನಿಲ್ದಾಣಕ್ಕೆ ಈಗ ಸುಮಾರು 35 ಕಿ.ಮೀ. ಸಾಗಬೇಕು. ಕೆಂಗೇರಿಯ ನಿವಾಸಿಯ ಪಾಡಂತೂ ವಿಚಿತ್ರ: ಪಶ್ಚಿಮದ ಮಂಗಳೂರಿಗೆ ಹೊರಟವನು ಮೊದಲು ಈಶಾನ್ಯ ದಿಕ್ಕಿಗೆ ಐವತ್ತು ಕಿ.ಮೀ.ಗಳಷ್ಟು ಹಿಂದೆ ಸರಿಯಬೇಕು! ನಿಲ್ದಾಣ ತಲುಪಲು ಒಂದೂವರೆ ಗಂಟೆ, ಅಲ್ಲಿ ಎರಡು ಗಂಟೆ ಮುಂಚಿತ ಹಾಜರಿ, ಹಾರಾಟ, ಲಗೇಜಿನ ಕಾಯುವಿಕೆ, ಬಜ್ಪೆಯಿಂದ ಪೇಟೆಗೆ ಮತ್ತೆ ಸುಮಾರು 13 ಕಿ.ಮೀ. ಎಲ್ಲ ಕೂಡಿದರೆ ಐದೂವರೆ ಗಂಟೆ ಮೀರುತ್ತದೆ. ರಾತ್ರಿ ಬಸ್ಸು ಏಳೆಂಟು ಗಂಟೆಯಲ್ಲಿ ತಲುಪಿಸುತ್ತದೆ, ನಿದ್ದೆಯೂ ಆಗಿರುತ್ತದೆ. ಹೆಬ್ಬಾಳ, ಯಲಹಂಕದ ಕಡೆಯವರಿಗೆ ವಿಮಾನ ನಿಜಕ್ಕೂ ಲಾಭ. ನಗರದ ನೈಋತ್ಯ ಭಾಗದವರು ಟಿಕೆಟ್ ಕೊಳ್ಳುವ ಮುನ್ನ ಯೋಚಿಸುವುದು ಒಳಿತು.

ಮಳೆಗಾಲದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. 2018ರ ಆಗಸ್ಟ್‌ನಲ್ಲಿ ಶಿರಾಡಿ ಘಾಟಿ ರಸ್ತೆ ಮತ್ತು ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗ ಎರಡೂ ಭೂಕುಸಿತದಿಂದ ಬಂದ್ ಆಗಿದ್ದವು. 2024ರ ಜುಲೈನಲ್ಲಿಯೂ ಎರಡೂ ಕಡೆ ಗುಡ್ಡ ಜರಿದು ಸಂಚಾರಕ್ಕೆ ತಡೆಯಾಯಿತು. ಚಿಕಿತ್ಸೆಗೋ ಅಂತ್ಯಸಂಸ್ಕಾರಕ್ಕೋ ತುರ್ತಾಗಿ ಹೋಗಬೇಕಾದವರಿಗೆ ಅಂಥ ದಿನಗಳಲ್ಲಿ ಆಕಾಶಮಾರ್ಗವೇ ಭರವಸೆ.

ಆದರೆ ಅದೇ ಮಳೆ ಬಜ್ಪೆಯನ್ನೂ ಬಿಡುವುದಿಲ್ಲ. ಗುಡ್ಡದ ನೆತ್ತಿಯನ್ನು ಸಮತಟ್ಟುಗೊಳಿಸಿ ನಿರ್ಮಿಸಿದ ಇಲ್ಲಿನ ಮುಖ್ಯ ರನ್‌ವೇ 2,450 ಮೀಟರ್ ಉದ್ದವಿದ್ದು, ಅಂಚಿನಾಚೆ ಕಣಿವೆಯಿದೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಉರುಳಿ 158 ಮಂದಿ ಮೃತಪಟ್ಟರು. ಬದುಕುಳಿದವರು ಎಂಟೇ ಜನ. ಮೋಡ ಕವಿದು ರನ್‌ವೇ ಕಾಣದಿದ್ದಾಗ ಪೈಲಟ್‌ಗಳು ಇಳಿಯುವ ಸಾಹಸಕ್ಕೆ ಹೋಗುವುದಿಲ್ಲ. ಆಕಾಶದಲ್ಲಿ ಸುತ್ತು ಹಾಕಿ ಕಾಯುತ್ತಾರೆ, ಇಲ್ಲವೇ ಬೇರೆ ನಿಲ್ದಾಣದತ್ತ ತಿರುಗುತ್ತಾರೆ. ಹಾಗೆ ತಿರುಗಿದ ವಿಮಾನ ಕೆಲವೊಮ್ಮೆ ಬಂದು ಇಳಿಯುವುದು ಹೊರಟ ಬೆಂಗಳೂರಿನಲ್ಲೇ.