ವೆಂಟಿಲೇಟರ್ ತೆಗೆಯಲು ಯಾರ ಒಪ್ಪಿಗೆ ಬೇಕು?

ಝಳಕಿ ಕಡೆಯ ಊರುಗಳಲ್ಲಿ ಕಾಯಿಲೆ ಕೈಮೀರಿದರೆ ಹೆದ್ದಾರಿ ಹಿಡಿದು ಒಂದೋ ವಿಜಯಪುರಕ್ಕೆ ಹೋಗಬೇಕು, ಇಲ್ಲವೇ ಗಡಿ ದಾಟಿ ಸೊಲ್ಲಾಪುರಕ್ಕೆ. ಹೋದವರಲ್ಲಿ ಕೆಲವರು ಅದೇ ಹೆದ್ದಾರಿಯಲ್ಲಿ, ಆಂಬುಲೆನ್ಸಿನೊಳಗೆ ಆಕ್ಸಿಜನ್ ಹಚ್ಚಿಕೊಂಡೇ ಮರಳುತ್ತಾರೆ. ‘ಡಾಕ್ಟರು ಕೈ ಬಿಟ್ಟಾರ, ಮನಿಗೆ ಒಯ್ರಿ ಅಂದಾರ’ ಎಂಬ ಸುದ್ದಿ ಗಾಡಿಗಿಂತ ಮೊದಲೇ ಊರು ಮುಟ್ಟಿರುತ್ತದೆ. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಹೊರಡಿಸಿದ ಆದೇಶ ಈ ಗಳಿಗೆಗೇ ಸಂಬಂಧಿಸಿದ್ದು. ಆದರೆ ಜನರ ಬಾಯಲ್ಲಿ ಅದು ‘ದಯಾಮರಣಕ್ಕೆ ಸರ್ಕಾರ ಒಪ್ಪಿತಂತ’ ಎಂದಾಯಿತು. ಗೊಂದಲ ಹುಟ್ಟಿದ್ದು ಆ ಶಬ್ದದಿಂದಲೇ.

ಒಂದು ಶಬ್ದ, ಮೂರು ಸಂಗತಿ

ವೈದ್ಯರು ಚುಚ್ಚುಮದ್ದು ಕೊಟ್ಟು ರೋಗಿಯ ಪ್ರಾಣ ತೆಗೆಯುವುದು ಒಂದು. ಇದನ್ನು ಸಕ್ರಿಯ ದಯಾಮರಣ ಎನ್ನುತ್ತಾರೆ. ಔಷಧ ತಂದುಕೊಟ್ಟು, ರೋಗಿ ತಾನೇ ಅದನ್ನು ಸೇವಿಸಲು ನೆರವಾಗುವುದು ಇನ್ನೊಂದು. ಭಾರತದಲ್ಲಿ ಎರಡೂ ಅಪರಾಧ. ಆತ್ಮಹತ್ಯೆಗೆ ನೆರವಾದವರಿಗೆ ಭಾರತೀಯ ನ್ಯಾಯ ಸಂಹಿತೆಯ 108ನೇ ಕಲಮಿನಂತೆ ಹತ್ತು ವರ್ಷದವರೆಗೆ ಸೆರೆವಾಸವಾಗಬಹುದು. ರೋಗಿಯೇ ಕೈಮುಗಿದು ಕೇಳಿದ್ದ ಎಂಬುದು ವೈದ್ಯರನ್ನು ಬಿಡುಗಡೆ ಮಾಡುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಸ್ವಾರ್ಥವಿಲ್ಲದ ನೆರವು ಅಪರಾಧವಲ್ಲ. ನೆದರ್ಲೆಂಡ್ಸ್ 2002ರಿಂದ ಷರತ್ತಿನ ಮೇಲೆ ದಯಾಮರಣಕ್ಕೆ ಅವಕಾಶ ಕೊಟ್ಟಿದೆ. ನಮ್ಮಲ್ಲಿ ಹಾಗಿಲ್ಲ.

ಮೂರನೆಯದು, ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ಜೀವ ಹಿಡಿದಿಡುವ ಯಂತ್ರವನ್ನು ಹಚ್ಚದಿರುವುದು ಅಥವಾ ಹಚ್ಚಿದ್ದನ್ನು ತೆಗೆಯುವುದು. ಕಾಯಿಲೆ ತನ್ನ ದಾರಿಯಲ್ಲಿ ಹೋಗುತ್ತದೆ, ವೈದ್ಯರು ಅಡ್ಡ ನಿಲ್ಲುವುದಿಲ್ಲ, ಅಷ್ಟೇ. ಕಾನೂನು ಒಪ್ಪಿರುವುದು ಇದನ್ನು ಮಾತ್ರ.

ಆತ್ಮಹತ್ಯೆಗೆ ಯತ್ನಿಸಿದವರ ಮೇಲೆ ಕೇಸು ಹಾಕುತ್ತಿದ್ದ ಹಳೆಯ 309ನೇ ಕಲಮು 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಲ್ಲ. ಸರ್ಕಾರಿ ನೌಕರರ ಕೈಕಟ್ಟಲು ಹಾಗೆ ಮಾಡಿದರೆ ಮಾತ್ರ ಶಿಕ್ಷೆಯಿದೆ. ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಆರೈಕೆ ಕೊಡಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಬದುಕು ಬೇಡವೆನಿಸಿದವರು 14416ಕ್ಕೆ ಕರೆಮಾಡಿ ಮಾತಾಡಬಹುದು. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ.

ಹಳದಿಪುರದ ಅರುಣಾ

ಚಿಕಿತ್ಸೆ ಹಿಂಪಡೆಯುವ ಈ ಕಾನೂನಿನ ಬೇರು ಹೊನ್ನಾವರ ತಾಲ್ಲೂಕಿನಲ್ಲಿದೆ. ಹಳದಿಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ವಾರ್ಡ್‌ಬಾಯ್ ನಾಯಿಯ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಅತ್ಯಾಚಾರವೆಸಗಿದ. ಮಿದುಳಿಗೆ ಆಮ್ಲಜನಕ ಹೋಗದೆ ಅವರು ಮತ್ತೆ ಸಹಜ ಪ್ರಜ್ಞೆಗೆ ಬರಲಿಲ್ಲ. ನಲವತ್ತೊಂದೂವರೆ ವರ್ಷ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಒಂದು ತಲೆಮಾರಿನ ನರ್ಸುಗಳು ನಿವೃತ್ತರಾಗಿ ಮುಂದಿನವರು ಬಂದರು, ಆರೈಕೆ ನಿಲ್ಲಲಿಲ್ಲ.

ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಬೇಕೆಂದು ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. 2011ರ ಮಾರ್ಚ್ 7ರಂದು ಬಂದ ತೀರ್ಪು ವಿಚಿತ್ರವಾದದ್ದು. ಅರುಣಾ ವಿಷಯದಲ್ಲಿ ಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು. ಅವರ ಪರವಾಗಿ ಮಾತಾಡುವ ಹಕ್ಕು ಇಷ್ಟು ವರ್ಷ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಗಿದೆ, ಅವರಿಗೆ ಅರುಣಾ ಬದುಕಿರುವುದು ಬೇಕಾಗಿದೆ ಎಂದಿತು. ದೇಶದ ಉಳಿದವರಿಗೆ ಮಾತ್ರ, ಹೈಕೋರ್ಟಿನ ಅನುಮತಿ ಪಡೆದು ಚಿಕಿತ್ಸೆ ಹಿಂಪಡೆಯಬಹುದು ಎಂಬ ದಾರಿ ತೆರೆಯಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ಹಕ್ಕು ಬಂದದ್ದು 2018ರಲ್ಲಿ

‘ಕಾಮನ್ ಕಾಸ್’ ಎಂಬ ಸಂಸ್ಥೆ 2005ರಲ್ಲಿ ಹಾಕಿದ್ದ ಅರ್ಜಿಗೆ 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಉತ್ತರ ಕೊಟ್ಟಿತು. ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನಲ್ಲೇ ಅಡಗಿದೆ ಎಂದಿತು. ಎಚ್ಚರವಿರುವ ವಯಸ್ಕರು ಚಿಕಿತ್ಸೆ ಬೇಡವೆಂದರೆ ವೈದ್ಯರು ಒತ್ತಾಯಿಸುವಂತಿಲ್ಲ. ಎಚ್ಚರ ತಪ್ಪುವ ದಿನಕ್ಕಾಗಿ ಮೊದಲೇ ಬರೆದಿಡಲೂಬಹುದು.

ಆದರೆ ಆಗ ಹಾಕಿದ ಷರತ್ತುಗಳು ಹಕ್ಕನ್ನು ಹೆಚ್ಚುಕಡಿಮೆ ಕಾಗದದ ಮೇಲೇ ಉಳಿಸಿದವು. ಬರೆದದ್ದಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ಸಹಿ ಹಾಕಬೇಕಿತ್ತು. ಚಿಕಿತ್ಸೆ ನಿಲ್ಲಿಸಲು ಎರಡು ವೈದ್ಯ ಮಂಡಳಿಗಳು ಒಪ್ಪಬೇಕಿತ್ತು, ಎರಡನೆಯದನ್ನು ಜಿಲ್ಲಾಧಿಕಾರಿ ರಚಿಸಬೇಕಿತ್ತು, ಮಂಡಳಿಯ ವೈದ್ಯರಿಗೆ 20 ವರ್ಷದ ಅನುಭವ ಬೇಕಿತ್ತು, ಕೊನೆಗೆ ಮ್ಯಾಜಿಸ್ಟ್ರೇಟರು ಖುದ್ದಾಗಿ ಆಸ್ಪತ್ರೆಗೆ ಬಂದು ರೋಗಿಯನ್ನು ನೋಡಬೇಕಿತ್ತು. ಐಸಿಯು ಬಾಗಿಲಲ್ಲಿ ಕುಳಿತ ಕುಟುಂಬಕ್ಕೆ ಇದೆಲ್ಲ ಆಗುವ ಮಾತೇ? 2023ರ ಜನವರಿ 24ರಂದು ಸುಪ್ರೀಂ ಕೋರ್ಟೇ ಈ ಗಂಟುಗಳನ್ನು ಸಡಿಲಿಸಿತು.

ಬರೆದಿಡುವುದು ಹೇಗೆ

ಈ ಪತ್ರದ ಹೆಸರು ಮುಂಗಡ ವೈದ್ಯಕೀಯ ನಿರ್ದೇಶನ. ಲಿವಿಂಗ್ ವಿಲ್ ಎಂದೂ ಕರೆಯುತ್ತಾರೆ. ಹೊಲಮನೆಯ ಉಯಿಲಿಗೂ ಇದಕ್ಕೂ ಸಂಬಂಧವಿಲ್ಲ. ಆಸ್ತಿಯ ಮಾತು ಇದರಲ್ಲಿ ಬರಲೇಬಾರದು ಎಂದು ನನ್ನ ಸಲಹೆ. ಬಂದರೆ ಓದುವ ಮಕ್ಕಳ ಕಣ್ಣು ಬೇರೆಡೆ ಹೋಗುತ್ತದೆ.

ಹದಿನೆಂಟು ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರೂ ಬರೆಯಬಹುದು. ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಎಂಬುದು ಸ್ಪಷ್ಟವಾಗಿರಬೇಕು. ‘ನನಗೆ ತೊಂದರೆ ಕೊಡಬೇಡಿ’ ಎಂದಷ್ಟೇ ಬರೆದರೆ ವೈದ್ಯರಿಗೆ ತಲೆಬುಡ ಗೊತ್ತಾಗುವುದಿಲ್ಲ. ವೆಂಟಿಲೇಟರ್, ಡಯಾಲಿಸಿಸ್, ಮೂಗಿನ ನಳಿಕೆ, ಎದೆ ಒತ್ತಿ ಹೃದಯ ಮತ್ತೆ ನಡೆಸುವುದು ಎಂದು ಹೆಸರಿಟ್ಟು ಬರೆಯುವುದು ಒಳ್ಳೆಯದು. ತಮಗೆ ಮಾತಾಡಲಾಗದಾಗ ನಿರ್ಧರಿಸಬೇಕಾದವರ ಹೆಸರುಗಳನ್ನೂ ಸೇರಿಸಬೇಕು. ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಲು 2023ರಿಂದ ಅವಕಾಶವಿದೆ. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು, ಮ್ಯಾಜಿಸ್ಟ್ರೇಟರ ಬಳಿ ಹೋಗಬೇಕಿಲ್ಲ. ಪತ್ರದ ಒಂದು ಪ್ರತಿಯನ್ನು ಪಂಚಾಯಿತಿ ಅಥವಾ ನಗರಸಭೆಯಂಥ ಸ್ಥಳೀಯ ಸಂಸ್ಥೆ ಗೊತ್ತುಮಾಡಿದ ಅಧಿಕಾರಿ ಕಾದಿಡಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ರದ್ದು ಮಾಡಬಹುದು.

ಐಸಿಯು ಒಳಗೆ

ಪತ್ರವಿದೆಯೆಂದು ವೈದ್ಯರು ತಕ್ಷಣ ಯಂತ್ರ ತೆಗೆಯುವುದಿಲ್ಲ. ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮತ್ತು ಐದು ವರ್ಷ ಅನುಭವವಿರುವ ಕನಿಷ್ಠ ಇಬ್ಬರು ತಜ್ಞರು ಪ್ರಾಥಮಿಕ ಮಂಡಳಿಯಾಗಿ ಕೂರುತ್ತಾರೆ. ಸಾಧ್ಯವಾದಷ್ಟೂ 48 ಗಂಟೆಯಲ್ಲಿ ಅಭಿಪ್ರಾಯ ಹೇಳಬೇಕು. ಅವರು ಹೌದೆಂದರೆ ಬೇರೆಯದೇ ಮೂವರ ದ್ವಿತೀಯ ಮಂಡಳಿ ಮತ್ತೊಮ್ಮೆ ನೋಡುತ್ತದೆ. ಇದರಲ್ಲಿ ಒಬ್ಬರು ಜಿಲ್ಲೆಯ ಆರೋಗ್ಯ ಅಧಿಕಾರಿ ಹೆಸರಿಸಿದ ವೈದ್ಯರು. ಅದೂ ಹೌದೆಂದರೆ ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಮುಂದುವರಿಯುತ್ತದೆ. ತಿಳಿಸುವುದಷ್ಟೇ, ಅವರ ಅನುಮತಿಗಾಗಿ ಕಾಯಬೇಕಿಲ್ಲ. ದ್ವಿತೀಯ ಮಂಡಳಿ ಒಪ್ಪದಿದ್ದರೆ ಕುಟುಂಬ ಹೈಕೋರ್ಟಿಗೆ ಹೋಗಬಹುದು.

ಪತ್ರವೇ ಇಲ್ಲದಿದ್ದರೆ? ನಮ್ಮ ಕಡೆ ಬಹುತೇಕರ ಸ್ಥಿತಿ ಅದೇ. ಆಗಲೂ ಇದೇ ಎರಡು ಮಂಡಳಿಗಳು ಕೂರುತ್ತವೆ, ಆದರೆ ಹತ್ತಿರದ ಬಂಧುಗಳ ಲಿಖಿತ ಒಪ್ಪಿಗೆ ಬೇಕು. ಅಣ್ಣನದೊಂದು ಮಾತು, ತಂಗಿಯದೊಂದು ಮಾತು ಆಗುವುದು ಇಲ್ಲಿಯೇ.

ಕರ್ನಾಟಕದ ಆದೇಶ

2025ರ ಆದೇಶ ಹೊಸ ಹಕ್ಕನ್ನೇನೂ ಹುಟ್ಟಿಸಲಿಲ್ಲ. ದ್ವಿತೀಯ ಮಂಡಳಿಗೆ ವೈದ್ಯರನ್ನು ಎಲ್ಲಿಂದ ತರಬೇಕು ಎಂಬ ಪ್ರಶ್ನೆಗೆ ಉತ್ತರ ಕೊಟ್ಟಿತು. ಅಂಗಾಂಗ ಕಸಿ ಕಾಯ್ದೆಯಡಿ ಮಿದುಳು ಸಾವನ್ನು ಪ್ರಮಾಣೀಕರಿಸಲು ಈಗಾಗಲೇ ಮಾನ್ಯತೆ ಪಡೆದ ನರತಜ್ಞರು, ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು, ತೀವ್ರನಿಗಾ ತಜ್ಞರನ್ನು ಜಿಲ್ಲಾ ಆರೋಗ್ಯಾಧಿಕಾರಿ ಇದಕ್ಕೂ ನೇಮಿಸಬಹುದು ಎಂದಿತು. ಅಂಗದಾನಕ್ಕೂ ಇದಕ್ಕೂ ಬೇರೆ ಸಂಬಂಧವಿಲ್ಲ. ಸಣ್ಣ ವ್ಯವಸ್ಥೆ ಅನ್ನಿಸಬಹುದು, ಆದರೆ ವೈದ್ಯರ ಹೆಸರೇ ಗೊತ್ತಿಲ್ಲದೆ ಮಂಡಳಿ ಕೂರಿಸಲು ಆಗುತ್ತದೆಯೇ?

ಆದೇಶ ಬಂದಾಗ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಅವರ ಹೆಸರು ಮತ್ತೆ ಕೇಳಿಬಂತು. ಘನತೆಯ ಸಾವಿನ ಹಕ್ಕಿಗಾಗಿ ಅವರು ವರ್ಷಗಟ್ಟಲೆ ಸರ್ಕಾರಗಳಿಗೆ ಅರ್ಜಿ ಬರೆದವರು. ಅವರ ಪಟ್ಟು ಇಲ್ಲದಿದ್ದರೆ ಈ ಮಾತು ಕನ್ನಡ ಮನೆಗಳಲ್ಲಿ ಇಷ್ಟು ಆಡಲ್ಪಡುತ್ತಿರಲಿಲ್ಲ. ಆದರೂ ಒಂದು ಕಟುಸತ್ಯ ಹೇಳಲೇಬೇಕು. ಓಡಾಡಿ ಮಾತಾಡಿಕೊಂಡಿರುವವರು, ನೋವು ಎಷ್ಟೇ ಇರಲಿ, ಅರ್ಜಿ ಹಾಕಿ ಸಾವು ಪಡೆಯಲು ಈ ಆದೇಶದಲ್ಲಿ ಜಾಗವಿಲ್ಲ. ಜೀವರಕ್ಷಕ ಚಿಕಿತ್ಸೆಯ ಮೇಲಿದ್ದು ಅದಕ್ಕೆ ಸ್ಪಂದಿಸದವರಿಗೆ ಮಾತ್ರ ಇದು ಅನ್ವಯ, ದಯಾಮರಣವೆಂದು ತಪ್ಪು ತಿಳಿಯಬೇಡಿ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರೂ ಆಗಲೇ ಸ್ಪಷ್ಟಪಡಿಸಿದ್ದರು.

ಝಳಕಿಯವರಿಗೆ ಇನ್ನೊಂದು ತೊಡಕಿದೆ. ಸೊಲ್ಲಾಪುರದಲ್ಲಿ ದಾಖಲಾದರೆ ಕರ್ನಾಟಕದ ಆದೇಶ ನಡೆಯುವುದಿಲ್ಲ. ಸುಪ್ರೀಂ ಕೋರ್ಟಿನ ತೀರ್ಪು ಮಾತ್ರ ಅಲ್ಲಿಯೂ ನಡೆಯುತ್ತದೆ. ಇಲ್ಲಿ ನೋಟರಿ ಮಾಡಿಸಿದ ಪತ್ರ ಅಲ್ಲಿಯೂ ಪತ್ರವೇ.

ಸಲ್ಲೇಖನ

ಉಪವಾಸದಿಂದ ದೇಹ ಬಿಡುವ ಜೈನ ವ್ರತಕ್ಕೆ ಕನ್ನಡ ನೆಲ ಹಳೆಯ ಸಾಕ್ಷಿ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳಲ್ಲಿ ಬಹಳಷ್ಟು ಇದನ್ನೇ ಹೇಳುತ್ತವೆ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಆತ್ಮಹತ್ಯೆಯೆಂದು ಪರಿಗಣಿಸಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಆಸ್ಪತ್ರೆಯ ಕಾನೂನಿಗೆ ಇದನ್ನು ಬೆರೆಸಬಾರದು.

ಮನೆಗೆ ಒಯ್ದ ಮೇಲೆ

‘ನಮ್ಮ ಜವಾಬ್ದಾರಿ ಮೇಲೆ ಒಯ್ಯುತ್ತೇವೆ’ ಎಂದು ಸಹಿ ಹಾಕಿ ರೋಗಿಯನ್ನು ಕರೆತರುವುದು ಮೇಲಿನ ಯಾವ ಪ್ರಕ್ರಿಯೆಗೂ ಸೇರಿದ್ದಲ್ಲ. ಮಂಡಳಿ ಕೂತಿರುವುದಿಲ್ಲ, ನಿರ್ಧಾರದ ಭಾರವೆಲ್ಲ ಸಹಿ ಹಾಕಿದ ಮಗನ ತಲೆಯ ಮೇಲೆ. ಅದಕ್ಕಿಂತ ಕೆಟ್ಟದ್ದೆಂದರೆ ನೋವಿನ ಔಷಧವಿಲ್ಲದೆ ಬರುವುದು. ಯಂತ್ರ ನಿಲ್ಲಿಸಿದರೂ ನೋವು, ಉಬ್ಬಸ, ಚಡಪಡಿಕೆಗೆ ಆರೈಕೆ ನಿಲ್ಲಬಾರದು. ಇದಕ್ಕೆ ಉಪಶಾಮಕ ಆರೈಕೆ ಎನ್ನುತ್ತಾರೆ. ಕ್ಯಾನ್ಸರಿನ ತೀವ್ರ ನೋವಿಗೆ ಮಾರ್ಫಿನ್ ಮಾತ್ರೆಯಿದೆ. ಅದು ಆಸ್ಪತ್ರೆಗಳಿಗೆ ಸುಲಭವಾಗಿ ಸಿಗಲೆಂದೇ 2014ರಲ್ಲಿ ಮಾದಕ ವಸ್ತು ಕಾಯ್ದೆಯನ್ನು ತಿದ್ದಲಾಯಿತು. ಬೆಂಗಳೂರಿನಲ್ಲಿ ಕರುಣಾಶ್ರಯದಂಥ ಸಂಸ್ಥೆ ಇದೇ ಕೆಲಸಕ್ಕಾಗಿ ನಿಂತಿದೆ. ಝಳಕಿಯಿಂದ ಬೆಂಗಳೂರು ದೂರ. ಆದ್ದರಿಂದ ಡಿಸ್ಚಾರ್ಜ್ ಚೀಟಿ ಕೈಗೆ ಬರುವ ಮುನ್ನ ವೈದ್ಯರನ್ನು ಕೇಳಿ: ನೋವಿಗೆ ಏನು ಕೊಡಬೇಕು, ಉಸಿರು ಕಟ್ಟಿದರೆ ಏನು ಮಾಡಬೇಕು, ರಾತ್ರಿ ಯಾರಿಗೆ ಫೋನ್ ಮಾಡಬೇಕು? ಉತ್ತರವನ್ನು ಬರೆಸಿಕೊಂಡೇ ಆಂಬುಲೆನ್ಸ್ ಹತ್ತಿ.