ಎಲ್‌ಸಿಡಿ ಟೆಲಿವಿಷನ್

ಎಲ್‌ಸಿಡಿ ಟೆಲಿವಿಷನ್ ಎಂಬುದು ದ್ರವಸ್ಫಟಿಕದ ಪರದೆಯ ಮೇಲೆ ಚಿತ್ರವನ್ನು ಮೂಡಿಸುವ ದೂರದರ್ಶನ ಗ್ರಾಹಕವಾಗಿದೆ. ಹಳೆಯ ಚಿತ್ರನಾಳದ ಟಿವಿಯಲ್ಲಿ ಎಲೆಕ್ಟ್ರಾನುಗಳು ಬಡಿದಾಗ ಪರದೆಯ ಲೇಪವೇ ಬೆಳಗುತ್ತಿತ್ತು. ದ್ರವಸ್ಫಟಿಕವಾದರೋ ತಾನಾಗಿ ಬೆಳಕನ್ನು ಸೂಸುವುದಿಲ್ಲ. ಹಿಂದಿನಿಂದ ಬರುವ ಬೆಳಕನ್ನು ಬಿಡುವ ಅಥವಾ ತಡೆಯುವ ಕೆಲಸವನ್ನಷ್ಟೇ ಮಾಡುತ್ತದೆ. ಈ ಬಗೆಯ ಟಿವಿಯ ಗುಣದೋಷಗಳಲ್ಲಿ ಹೆಚ್ಚಿನವು ಇದರಿಂದಲೇ ಹುಟ್ಟಿವೆ.

ಕಾರ್ಯವಿಧಾನ

ದ್ರವಸ್ಫಟಿಕವು ದ್ರವದಂತೆ ಹರಿಯುತ್ತದೆ, ಆದರೆ ಅದರ ಅಣುಗಳು ಒಂದೇ ದಿಕ್ಕಿಗೆ ಸಾಲುಗೊಳ್ಳುತ್ತವೆ. ಪರದೆಯಲ್ಲಿ ಇದರ ಕೆಲವೇ ಮೈಕ್ರೋಮೀಟರ್ ದಪ್ಪದ ಪದರವು ಎರಡು ಗಾಜುಗಳ ನಡುವೆ ಇರುತ್ತದೆ. ಗಾಜುಗಳ ಹೊರಮೈಯಲ್ಲಿ ಒಂದಕ್ಕೊಂದು ಲಂಬವಾದ ಎರಡು ಧ್ರುವೀಕಾರಕ ಹಾಳೆಗಳಿವೆ. ನಡುವೆ ಏನೂ ಇಲ್ಲದಿದ್ದರೆ ಮೊದಲನೆಯದನ್ನು ದಾಟಿದ ಬೆಳಕು ಎರಡನೆಯದನ್ನು ದಾಟಲಾರದು. ‘ತಿರುಚಿದ ನೆಮ್ಯಾಟಿಕ್’ ವಿನ್ಯಾಸದಲ್ಲಿ ಅಣುಗಳ ಸಾಲು ಒಂದು ಗಾಜಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ 90 ಡಿಗ್ರಿ ತಿರುಗುತ್ತದೆ. ಬೆಳಕಿನ ಧ್ರುವೀಕರಣದ ದಿಕ್ಕೂ ಅದರೊಡನೆ ತಿರುಗುವುದರಿಂದ ಬೆಳಕು ಹೊರಬರುತ್ತದೆ. ವೋಲ್ಟೇಜ್ ನೀಡಿದಾಗ ಅಣುಗಳು ನೆಟ್ಟಗೆ ನಿಲ್ಲುತ್ತವೆ, ತಿರುಚು ಅಳಿಯುತ್ತದೆ, ಆ ಬಿಂದು ಕಪ್ಪಾಗುತ್ತದೆ. ವೋಲ್ಟೇಜಿನ ಏರಿಳಿತದಿಂದ ನಡುವಿನ ಛಾಯೆಗಳು ದೊರೆಯುತ್ತವೆ.

ಪ್ರತಿ ಚಿತ್ರಬಿಂದುವಿನಲ್ಲಿ ಕೆಂಪು, ಹಸಿರು ಮತ್ತು ನೀಲಿ ಶೋಧಕಗಳುಳ್ಳ ಮೂರು ಉಪಬಿಂದುಗಳಿರುತ್ತವೆ. 1920×1080 ಬಿಂದುಗಳ ಪರದೆಯಲ್ಲಿ ಇವುಗಳ ಸಂಖ್ಯೆ 62 ಲಕ್ಷವನ್ನು ಮೀರುತ್ತದೆ. ಒಂದೊಂದಕ್ಕೂ ಇರುವ ತೆಳುಪದರ ಟ್ರಾನ್ಸಿಸ್ಟರ್, ಮುಂದಿನ ಸರದಿ ಬರುವವರೆಗೆ ಅದರ ವೋಲ್ಟೇಜನ್ನು ಕಾಯ್ದಿಡುತ್ತದೆ.

ಬೆಳವಣಿಗೆ

ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೆಡ್ರಿಕ್ ರೈನಿಟ್ಜರ್ 1888ರಲ್ಲಿ ಕೊಲೆಸ್ಟೆರಿಲ್ ಬೆಂಜೊಯೇಟ್ ಎಂಬ ವಸ್ತುವು ಎರಡು ಬೇರೆ ಬೇರೆ ಉಷ್ಣತೆಗಳಲ್ಲಿ ಕರಗಿದಂತೆ ತೋರುವುದನ್ನು ಗಮನಿಸಿದರು. ಬಹುಕಾಲ ಇದು ಪ್ರಯೋಗಾಲಯದ ಕುತೂಹಲವಾಗಿಯೇ ಉಳಿಯಿತು. ತಿರುಚಿದ ನೆಮ್ಯಾಟಿಕ್ ವಿನ್ಯಾಸವನ್ನು ಸ್ವಿಟ್ಜರ್ಲೆಂಡಿನಲ್ಲಿ ಮಾರ್ಟಿನ್ ಶಾಟ್ ಮತ್ತು ವೋಲ್ಫ್‌ಗಾಂಗ್ ಹೆಲ್ಫ್ರಿಕ್ 1970ರಲ್ಲಿ ರೂಪಿಸಿದರು. ಅದಾದ ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಜಾರ್ಜ್ ಗ್ರೇ ಕೊಠಡಿಯ ಉಷ್ಣತೆಯಲ್ಲಿ ಸ್ಥಿರವಾಗಿರುವ ದ್ರವಸ್ಫಟಿಕಗಳನ್ನು ತಯಾರಿಸಿದರು. ಗಡಿಯಾರ, ಕ್ಯಾಲ್ಕುಲೇಟರುಗಳಿಂದ ಆರಂಭವಾದ ಬಳಕೆ, 1988ರಲ್ಲಿ ಶಾರ್ಪ್ ಸಂಸ್ಥೆಯು ತೋರಿಸಿದ 14 ಅಂಗುಲದ ವರ್ಣಪರದೆಯೊಂದಿಗೆ ಟಿವಿಯ ಹೊಸ್ತಿಲಿಗೆ ಬಂದಿತು. 2007ರ ಕೊನೆಯ ತ್ರೈಮಾಸಿಕದಲ್ಲಿ ಜಾಗತಿಕ ಮಾರಾಟವು ಚಿತ್ರನಾಳದ ಟಿವಿಗಳನ್ನು ಮೀರಿತು.

ನೋಟದ ಕೋನ

ಕಡ್ಡಿಯಾಕಾರದ ಅಣುಗಳನ್ನು ಓರೆಯಾಗಿ ಹಾದುಬರುವ ಬೆಳಕು, ನೇರವಾಗಿ ಬರುವ ಬೆಳಕಿಗಿಂತ ಭಿನ್ನವಾಗಿ ಮಾರ್ಪಡುತ್ತದೆ. ಆದ್ದರಿಂದ ಆರಂಭದ ಪರದೆಗಳಲ್ಲಿ ಬದಿಯಿಂದ ನೋಡಿದವರಿಗೆ ಬಣ್ಣಗಳು ಕೆಡುತ್ತಿದ್ದವು. ಮನೆಮಂದಿಯೆಲ್ಲ ಕುಳಿತು ನೋಡುವ ಟಿವಿಗೆ ಇದು ದೊಡ್ಡ ಕೊರತೆಯೇ ಸರಿ. ಅಣುಗಳನ್ನು ಗಾಜಿಗೆ ಸಮಾಂತರವಾಗಿಯೇ ತಿರುಗಿಸುವ ಐಪಿಎಸ್ ವಿನ್ಯಾಸವು 1990ರ ದಶಕದಲ್ಲಿ ಇದನ್ನು ಬಹುಮಟ್ಟಿಗೆ ನೀಗಿಸಿತು.

ಇನ್ನೊಂದು ಪರಿಹಾರದ ಮೂಲ ಬೆಂಗಳೂರಿನಲ್ಲಿದೆ. ರಾಮನ್ ಸಂಶೋಧನಾ ಸಂಸ್ಥೆಯ ಶಿವರಾಮಕೃಷ್ಣ ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ 1977ರಲ್ಲಿ ಬಿಲ್ಲೆಯಾಕಾರದ ಅಣುಗಳುಳ್ಳ ದ್ರವಸ್ಫಟಿಕವನ್ನು ಕಂಡುಹಿಡಿದರು. ನೊಬೆಲ್ ಪುರಸ್ಕೃತ ಖಭೌತವಿಜ್ಞಾನಿ ಚಂದ್ರಶೇಖರ್ ಬೇರೆ. ಈ ವರ್ಗದ ಅಣುಗಳಿಂದ ಜಪಾನಿನ ಫ್ಯೂಜಿ ಸಂಸ್ಥೆಯು ತಯಾರಿಸಿದ ತೆಳುಹಾಳೆಯು ಓರೆನೋಟದ ದೋಷವನ್ನು ಸರಿದೂಗಿಸಿ, ವಿಶೇಷವಾಗಿ ಕಂಪ್ಯೂಟರ್ ಪರದೆಗಳಲ್ಲಿ ವ್ಯಾಪಕವಾಗಿ ಬಳಕೆಯಾಯಿತು.

ಹಿಂಬೆಳಕು

ಮೊದಲು ತೆಳುವಾದ ಪ್ರತಿದೀಪಕ ಕೊಳವೆಗಳು ಹಿಂಬೆಳಕನ್ನು ನೀಡುತ್ತಿದ್ದವು. ನಂತರ ಎಲ್‌ಇಡಿಗಳು ಬಂದವು. ಅಂಗಡಿಗಳಲ್ಲಿ ‘ಎಲ್‌ಇಡಿ ಟಿವಿ’ ಎಂದು ಮಾರುವುದು ಸಾಮಾನ್ಯವಾಗಿ ಎಲ್‌ಸಿಡಿ ಟಿವಿಯನ್ನೇ. ಹಿಂಬೆಳಕು ಉರಿಯುತ್ತಲೇ ಇರುವುದರಿಂದ ಅಲ್ಪ ಬೆಳಕು ಸೋರಿ, ಕತ್ತಲ ದೃಶ್ಯಗಳು ಬೂದಾಗಿ ಕಾಣುತ್ತವೆ. ಎಲ್‌ಇಡಿಗಳನ್ನು ಗುಂಪುಗುಂಪಾಗಿ ಮಂದಗೊಳಿಸಿ ಇದನ್ನು ಕಡಿಮೆ ಮಾಡಲಾಗುತ್ತದೆ. ಪ್ರತಿ ಬಿಂದುವೂ ತಾನೇ ಬೆಳಗುವ ಒಎಲ್‌ಇಡಿ ಪರದೆಗೆ ಈ ತೊಡಕಿಲ್ಲ.